ಮಗಳಿಗೆ ಮೊದಲ ಫಿಲ್ಮ್ ಕ್ಯಾಮೆರಾ, ಕೈಯಲ್ಲಿ 12 ಸಾವಿರ: ಯಾವುದು ಕೊಡಿಸಲಿ?

ಮುಲುಂಡ್ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ಫೋನಿನಲ್ಲಿ ಫೋಟೊ ತೆಗೆಯುತ್ತಲೇ ಇರುತ್ತಾಳೆ, ಚೆನ್ನಾಗಿಯೂ ತೆಗೆಯುತ್ತಾಳೆ. ಈ ಸಲ ಹುಟ್ಟುಹಬ್ಬಕ್ಕೆ ಫಿಲ್ಮ್ ಕ್ಯಾಮೆರಾನೇ ಬೇಕಂತೆ. ನಾವು ಚಿಕ್ಕವರಿದ್ದಾಗ ರೀಲು ಹಾಕಿ ತೆಗೆಯುತ್ತಿದ್ದೆವಲ್ಲ, ಅದು. ನನಗೆ ಗೊತ್ತಿರುವುದು ನಮ್ಮಪ್ಪನ ಯಾಶಿಕಾ ಎಂಎಫ್-2 ಒಂದೇ. ಅದು ಮನೆ ಬದಲಿಸುವಾಗ ಎಲ್ಲಿ ಹೋಯಿತೋ ಗೊತ್ತಿಲ್ಲ.

ಒಟ್ಟು 12 ಸಾವಿರ ತೆಗೆದಿಟ್ಟಿದ್ದೇನೆ. ಆನ್‌ಲೈನಿನಲ್ಲಿ ಒಬ್ಬರು ಕ್ಯಾನನ್ ಎಇ-1 ಅನ್ನು 14 ಸಾವಿರಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಚೌಕಾಸಿ ಮಾಡಿದರೆ ಇಳಿಯಬಹುದು. ನೋಡಲು ಬಹಳ ಚೆಂದ, ಮಗಳು ಅದರ ಫೋಟೊವನ್ನೇ ವಾಲ್‌ಪೇಪರ್ ಮಾಡಿಕೊಂಡಿದ್ದಾಳೆ. ಗೋವಾದಲ್ಲಿರುವ ನನ್ನ ತಂಗಿ ಕೊಡಾಕ್ ಎಕ್ಟಾರ್ ಎಚ್35 ತಗೊಳ್ಳಿ ಅನ್ನುತ್ತಾಳೆ. ಹೊಸದೇ ಸಿಗುತ್ತದೆ, ಒಂದು ರೀಲಿಗೆ 72 ಫೋಟೊ ಬರುತ್ತದಂತೆ. ಯಜಮಾನರು "ಫೋನ್ ಇದೆಯಲ್ಲ" ಅಂದು ಪೇಪರ್ ಓದುತ್ತಾ ಕೂತಿದ್ದಾರೆ. ನಿಮ್ಮಲ್ಲಿ ತಿಳಿದವರು ಇದ್ದೀರಿ, ಸ್ವಲ್ಪ ದಾರಿ ತೋರಿಸಿ.

ಕೊತ್ರೂಡ್ ಕ್ಲಿಕ್

ಅಕ್ಕ, ಮಾಡೆಲ್ ಆಮೇಲೆ. ಮೊದಲು ದುಡ್ಡಿನ ಲೆಕ್ಕ ನೋಡೋಣ.

ಕಲರ್ ರೀಲು ಈಗ ಸಾವಿರದ ಆಚೀಚೆ ಇದೆ. ತೊಳೆಸಿ ಸ್ಕ್ಯಾನ್ ಮಾಡಿಸಲು ಇನ್ನೊಂದು ನಾನೂರು ಐನೂರು. 36 ಫೋಟೊಗೆ ಹಂಚಿದರೆ ಒಂದು ಕ್ಲಿಕ್ಕಿಗೆ ಹತ್ತಿರ ಹತ್ತಿರ 40 ರೂಪಾಯಿ. ಅಂದರೆ ಕ್ಯಾಮೆರಾಕ್ಕೇ 12 ಸಾವಿರ ಸುರಿದರೆ ಅದು ಎರಡನೇ ತಿಂಗಳಿಂದ ಕಪಾಟಿನಲ್ಲಿ ಕೂರುತ್ತದೆ. ಎಂಟು ಒಂಬತ್ತು ಸಾವಿರಕ್ಕೆ ಕ್ಯಾಮೆರಾ ಮುಗಿಸಿ. ಉಳಿದದ್ದು ರೀಲಿಗೆ ಇಡಿ.

ಇನ್ನು ಕ್ಯಾಮೆರಾ. ಕಲಿಯುವವರಿಗೆ ಎಲ್ಲರೂ ಹೇಳುವ ಹೆಸರು ಪೆಂಟ್ಯಾಕ್ಸ್ ಕೆ1000. 1976ರಲ್ಲಿ ಬಂದದ್ದು, 1997ರವರೆಗೂ ಮಾರಾಟವಾಯಿತು. ಶಟರ್, ಅಂದರೆ ಬೆಳಕಿಗೆ ತೆರೆದು ಮುಚ್ಚುವ ಪರದೆ, ಪೂರ್ತಿ ಯಾಂತ್ರಿಕ, ಬ್ಯಾಟರಿ ಇಲ್ಲದಿದ್ದರೂ ಓಡುತ್ತದೆ. ಬ್ಯಾಟರಿ ಬೇಕಾಗುವುದು ಬೆಳಕಿನ ಮೀಟರಿಗೆ ಮಾತ್ರ. ಅದೂ ಒಂದು ಎಲ್‌ಆರ್44, ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಕಣ್ಣಿಟ್ಟು ನೋಡಿದರೆ ಒಳಗೆ ಒಂದು ಮುಳ್ಳು. ಅದು ನಡುವಿಗೆ ಬರುವ ತನಕ ಸ್ಪೀಡನ್ನೋ (ಶಟರ್ ಎಷ್ಟು ಹೊತ್ತು ತೆರೆದಿರಬೇಕು) ಅಪರ್ಚರನ್ನೋ (ಲೆನ್ಸಿನ ಕಿಂಡಿ ಎಷ್ಟು ಅಗಲ) ತಿರುಗಿಸಬೇಕು. ಅಷ್ಟೇ ಪಾಠ. ಆಟೋ ಅನ್ನುವುದು ಏನೂ ಇಲ್ಲ, ಸೆಲ್ಫ್ ಟೈಮರ್ ಕೂಡ ಇಲ್ಲ.

ಅದೇ ಸಾಲಿನಲ್ಲಿ ನಿಕಾನ್ ಎಫ್‌ಎಂ10, ಯಾಶಿಕಾ ಎಫ್‌ಎಕ್ಸ್-3 ಸೂಪರ್ 2000 ಇವೆ. ಇವೆರಡನ್ನೂ ತಯಾರಿಸಿದ್ದು ಕೊಸಿನಾ ಅನ್ನುವ ಒಂದೇ ಜಪಾನಿ ಕಂಪನಿ. ಯಾಶಿಕಾದ ಮೈಮೇಲಿನ ಚರ್ಮದಂಥ ಹೊದಿಕೆ ಉದುರುವುದು ಮಾಮೂಲಿ. ಅದು ಬರೀ ಅಂದದ ಪ್ರಶ್ನೆ, ಅದನ್ನೇ ತೋರಿಸಿ ಬೆಲೆ ಇಳಿಸಿ. ನಿಕಾನ್ ಎಫ್‌ಎಂ2 ಇವೆಲ್ಲಕ್ಕಿಂತ ಗಟ್ಟಿ, ಆದರೆ ನಿಮ್ಮ ಬಜೆಟ್ಟಿಗೆ ಬರುವುದಿಲ್ಲ.

ಎಇ-1 ಬಗ್ಗೆ ರಿಪೇರಿ ಅಣ್ಣ ಬರಲಿ, ನಾನು ಬಾಯಿ ಬಿಡುವುದಿಲ್ಲ.

ಡೊಂಬಿವಲಿ ಫಾಸ್ಟ್

ಒಂದು ಕ್ಲಿಕ್ಕಿಗೆ 40 ರೂಪಾಯಿ! ಇಲ್ಲಿ ಎರಡು ವಡಾಪಾವ್ ಬರುತ್ತದೆ ಮೇಡಂ.

ತಮಾಷೆ ಬಿಡಿ. ಕಲಿಯುವ ಮಗುವಿಗೆ ತಪ್ಪು ಮಾಡಲು ಅವಕಾಶ ಬೇಕು, ಅಲ್ವಾ? ಹತ್ತು ಹನ್ನೆರಡು ಸಾವಿರಕ್ಕೆ ಹಳೇ ಡಿಜಿಟಲ್ ಎಸ್‌ಎಲ್‌ಆರ್ ಬರುತ್ತದೆ. ಅದರಲ್ಲೂ ಮ್ಯಾನ್ಯುಯಲ್ ಮೋಡ್ ಇದೆ. ಸಾವಿರ ಫೋಟೊ ಹೊಡೆದರೂ ಪೈಸೆ ಖರ್ಚಿಲ್ಲ. ತಪ್ಪಾದರೆ ಅಲ್ಲೇ ಕಾಣುತ್ತದೆ. ಫಿಲ್ಮ್‌ನಲ್ಲಿ ಹದಿನೈದು ದಿನ ಕಾದು, ಆಮೇಲೆ 36ರಲ್ಲಿ 30 ಕಪ್ಪು ಬಂದರೆ ಮಗು ಏನು ಕಲಿಯಿತು? ರೀಲ್ಸ್ ನೋಡಿ ರೀಲು ಬೇಕು ಅನ್ನುವ ಹುಚ್ಚು ಇದು. ಆರು ತಿಂಗಳಿಗೆ ಇಳಿಯುತ್ತದೆ.

ಜೆಜೆ ಹುಡುಗಿ

ಡೊಂಬಿವಲಿ ಅಣ್ಣ, ಅರ್ಧ ಒಪ್ಪುತ್ತೇನೆ. ಎಕ್ಸ್‌ಪೋಷರ್ (ಫೋಟೊಗೆ ಎಷ್ಟು ಬೆಳಕು ಬಿಡಬೇಕು ಅನ್ನುವುದು) ಬೇಗ ಕಲಿಯಬೇಕು ಅಂದರೆ ಡಿಜಿಟಲ್ಲೇ ಮೇಲು. ನಮ್ಮ ಕ್ಲಾಸಿನಲ್ಲೂ ಹಾಗೇ ಕಲಿತವರು ಜಾಸ್ತಿ. ಆದರೆ ಈ ಹುಡುಗಿ ಕೇಳಿದ್ದು ಅದನ್ನಲ್ಲ. ಫೋನಿನಲ್ಲಿ ತಪ್ಪು ಮಾಡುವ ಅವಕಾಶ ಅವಳಿಗೆ ಈಗಾಗಲೇ ಬೇಕಾದಷ್ಟು ಸಿಕ್ಕಿದೆ. ಒಂದು ಫೋಟೊಗೆ ಮುಂಚೆ ನಿಂತು ಯೋಚಿಸುವ ಅಭ್ಯಾಸ ಫೋನಿನಲ್ಲಿ ಬರುವುದಿಲ್ಲ. ಅಮ್ಮಾ, ಅವಳನ್ನೇ ಒಮ್ಮೆ ಕೇಳಿ, ಯಾಕೆ ಬೇಕು ಅಂತ. ಉತ್ತರದ ಮೇಲೆ ಕ್ಯಾಮೆರಾ ಬದಲಾಗುತ್ತದೆ.

ಎಚ್35 ಬಗ್ಗೆ. ನನ್ನ ಗೆಳತಿಯರ ಹತ್ತಿರ ಇದೆ, ಪಾರ್ಟಿಗೆ ಒಯ್ಯುತ್ತಾರೆ. ಒಂದು ಫೋಟೊ ಜಾಗದಲ್ಲಿ ಎರಡು ತೆಗೆಯುತ್ತದೆ, ಅದಕ್ಕೇ 72. ದುಡ್ಡು ಉಳಿಯುವುದು ನಿಜ. ಆದರೆ ಅದರ ಅಪರ್ಚರ್ ಎಫ್9.5, ಅಂದರೆ ಸಣ್ಣ ಕಿಂಡಿ, ಶಟರ್ ಸೆಕೆಂಡಿನ 1/100. ಎರಡನ್ನೂ ಬದಲಿಸಲು ಆಗುವುದಿಲ್ಲ. ಬಿಸಿಲಿದ್ದರೆ ಸರಿ, ಮೋಡ ಕವಿದರೆ ಫ್ಲ್ಯಾಶ್. ಜುಲೈ ತಿಂಗಳಲ್ಲಿ ನಿಮ್ಮ ಮನೆ ಹಾಲ್‌ನಲ್ಲಿ ಫ್ಲ್ಯಾಶ್ ಇಲ್ಲದೆ ಏನೂ ಬರುವುದಿಲ್ಲ. ಮಜಾಕ್ಕೆ ಒಳ್ಳೆಯದು. ಕಲಿಯಲು ಅದರಲ್ಲಿ ತಿರುಗಿಸುವಂಥದ್ದೇ ಏನೂ ಇಲ್ಲ.

ಹಾಗೇ ಪೆಂಟ್ಯಾಕ್ಸ್ 17 ಅಂತ ಒಂದು 2024ರಲ್ಲಿ ಹೊಸದಾಗಿ ಬಂತು. ಅದೂ ಎಚ್35 ಹಾಗೆ ಒಂದು ಫೋಟೊ ಜಾಗದಲ್ಲಿ ಎರಡು ತೆಗೆಯುವ ಹಾಫ್ ಫ್ರೇಮ್, ಚೆನ್ನಾಗಿದೆ. ಬಂದಾಗ ಅಮೆರಿಕದಲ್ಲೇ 500 ಡಾಲರ್ ಇತ್ತು. ಆ ಪುಟ ತೆರೆಯಲೇ ಬೇಡಿ.

ಫೋರ್ಟ್ ರಿಪೇರಿ

ನಾನು ಫೋರ್ಟಿನಲ್ಲಿ ಕ್ಯಾಮೆರಾ ಬಿಚ್ಚುವ ಕೆಲಸ ಮಾಡಿದವ. ಈಗ ಕಣ್ಣು ಮೊದಲಿನ ಹಾಗಿಲ್ಲ, ಅಂಗಡಿ ಬಿಟ್ಟಿದ್ದೇನೆ. ಊರು ಕುಂದಾಪುರ ಕಡೆ.

ಅಮ್ಮಾ, ಎಇ-1 ಕೆಟ್ಟ ಕ್ಯಾಮೆರಾ ಅಲ್ಲ. 1976ರಲ್ಲಿ ಅದು ಬಂದಾಗ ದೊಡ್ಡ ಸುದ್ದಿ. ಕ್ಯಾಮೆರಾದ ಒಳಗೇ ಮೈಕ್ರೊಪ್ರೊಸೆಸರ್ ಕೂರಿಸಿದ್ದರು. ಆದರೆ ಆ ಎಲೆಕ್ಟ್ರಾನಿಕ್ಸಿಗೇ ಈಗ ವಯಸ್ಸಾಗಿದೆ ಮಾರಾಯ್ರೆ. ಶಟರ್ ಓಡುವುದು ಬ್ಯಾಟರಿಯಲ್ಲಿ, 6 ವೋಲ್ಟಿನದ್ದು. ಬ್ಯಾಟರಿ ಹೋದರೆ ಒಂದು ಫೋಟೊ ಕೂಡ ಬರುವುದಿಲ್ಲ. ಒಳಗಿನ ಬೋರ್ಡ್ ಸತ್ತರೆ ಇನ್ನೊಂದು ಸತ್ತ ಎಇ-1ರಿಂದ ಕಿತ್ತು ಹಾಕಬೇಕು, ಹೊಸ ಪಾರ್ಟ್ ಇಲ್ಲ. ಶಟರ್ ಒತ್ತಿದಾಗ ಕೀಂಯ್ ಅಂತ ಕೆಮ್ಮಿದ ಹಾಗೆ ಸದ್ದು ಬಂದರೆ ಮಿರರಿನ ಹಲ್ಲುಚಕ್ರದ ಎಣ್ಣೆ ಒಣಗಿದೆ ಅಂತ ಅರ್ಥ. ಅದು ಸಣ್ಣ ಕೆಲಸ, ಹೆದರಬೇಡಿ. ಬೋರ್ಡ್ ದೊಡ್ಡ ಕೆಲಸ.

ಮಾರುವವರಿಗೆ ಎರಡೇ ಪ್ರಶ್ನೆ ಕೇಳಿ. ಈ ಕ್ಯಾಮೆರಾದಲ್ಲಿ ಈಚೆಗೆ ತೆಗೆದ ಫೋಟೊ ತೋರಿಸುತ್ತೀರಾ? ಒಂದು ರೀಲು ಹೊಡೆದು ಸರಿಯಿಲ್ಲದಿದ್ದರೆ ವಾಪಸ್ ತಗೊಳ್ಳುತ್ತೀರಾ? "ಅಜ್ಜನದ್ದು, ಕಪಾಟಿನಲ್ಲಿತ್ತು, ಟೆಸ್ಟ್ ಮಾಡಿಲ್ಲ" ಅಂದರೆ ಅದು ಕೆಟ್ಟಿದೆ ಅಂತಲೇ ಲೆಕ್ಕ ಹಾಕಿ, ಆ ಬೆಲೆ ಕೊಡಿ.

ಮುಂದಿನ ಮಾತು ಸ್ವಲ್ಪ ಉದ್ದ. ಯಾವ ಮಾಡೆಲ್ ಅಂತ ಇಷ್ಟು ತಲೆಬಿಸಿ ಬೇಡ. ಕೆಲಸ ಮಾಡುವ ಸಾಧಾರಣ ಮಿನೋಲ್ಟಾ ಕೆಲಸ ಮಾಡದ ದುಬಾರಿ ಲೈಕಾಕ್ಕಿಂತ ಮೇಲು. ನಿಮ್ಮ ಕೈಯಲ್ಲಿರುವ ಆ ಒಂದು ಪೀಸ್ ಹೇಗಿದೆ, ಅದೇ ಮುಖ್ಯ. ಅಂಗಡಿಗೆ ಹೋದರೆ ಹೀಗೆ ನೋಡಿ.

ಒಳಗೆ ರೀಲಿಲ್ಲ ಅಂತ ಖಾತ್ರಿ ಮಾಡಿಕೊಂಡು ಹಿಂದಿನ ಬಾಗಿಲು ತೆಗೆಯಿರಿ. ಬಾಗಿಲಿನ ಅಂಚಿನ ಕಾಲುವೆಯಲ್ಲಿ ಕಪ್ಪು ಸ್ಪಂಜು ಇರುತ್ತದೆ. ಬೆರಳಿಗೆ ಡಾಂಬರಿನ ಹಾಗೆ ಅಂಟಿದರೆ ಅದು ಕರಗಿದೆ. ಹಾಗೇ ಬಿಟ್ಟರೆ ಬೆಳಕು ನುಗ್ಗಿ ಫೋಟೊದಲ್ಲಿ ಕೆಂಪು ಪಟ್ಟೆ ಬೀಳುತ್ತದೆ. ಇದು ಹಳೇ ಕ್ಯಾಮೆರಾಗಳಲ್ಲಿ ಸಾಮಾನ್ಯ, ಬದಲಿಸಲು ಕಡಿಮೆ ಖರ್ಚು. ಬೇಡ ಅನ್ನಲು ಕಾರಣವಲ್ಲ, ಬೆಲೆ ಇಳಿಸಲು ಕಾರಣ.

ಆಮೇಲೆ ಲೆನ್ಸ್ ಬಿಚ್ಚಿ, ಕ್ಯಾಮೆರಾವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಸ್ಪೀಡಿನಲ್ಲಿ ಹೊಡೆಯಿರಿ. ಟ್ಯೂಬ್‌ಲೈಟ್ ಬೇಡ, ಅದು ಮಿಣುಕುವುದರಿಂದ ಮೋಸ ಹೋಗುತ್ತೀರಿ. ಒಂದು ಸೆಕೆಂಡಿನ ಸ್ಪೀಡು ನಿಜವಾಗಿ ಒಂದು ಸೆಕೆಂಡಾ, ಫೋನಿನಲ್ಲಿ ಹಿಡಿದು ನೋಡಿ. ಹಳೇ ಎಣ್ಣೆ ಅಂಟಾದರೆ ಮೊದಲು ಸಾಯುವುದು ನಿಧಾನದ ಸ್ಪೀಡುಗಳು. 1/1000ದಲ್ಲಿ ಒಂದು ಬದಿ ಕಪ್ಪಾಗಿ ಕಂಡರೆ ಪರದೆಗಳು ಹೊಂದಿಕೊಂಡು ಓಡುತ್ತಿಲ್ಲ. ಬಟ್ಟೆಯ ಪರದೆ ಇರುವ ಕ್ಯಾಮೆರಾದಲ್ಲಿ ಸೂಜಿ ತೂತು ಇದೆಯಾ ನೋಡಿ. ಲೆನ್ಸಿಗೆ ಮುಚ್ಚಳ ಹಾಕದೆ ಬಿಸಿಲಿಗೆ ಇಟ್ಟರೆ ಬಟ್ಟೆ ಸುಟ್ಟು ತೂತಾಗುವುದುಂಟು.

ಬ್ಯಾಟರಿ ಕೋಣೆಯಲ್ಲಿ ಹಸಿರು ಉಪ್ಪು ಕಟ್ಟಿದ್ದರೆ ಮೇಲಿನದ್ದನ್ನು ವಿನೆಗರಿನಲ್ಲಿ ಒರೆಸಬಹುದು. ಅದು ಒಳಗಿನ ತಂತಿಗೂ ಹತ್ತಿದ್ದರೆ ಬಿಟ್ಟುಬಿಡಿ.

ವಾಸ್ಕೊ ಮಳೆ

ಲೆನ್ಸಿನ ಮಾತು ನಾನು ಹೇಳುತ್ತೇನೆ. ನಾವು ಸಮುದ್ರದ ಪಕ್ಕ ಇರುವವರು, ನಮ್ಮ ಶತ್ರು ಬೂಷ್ಟು. ಮುಂಬೈ, ಗೋವಾ, ಮಂಗಳೂರು ಎಲ್ಲ ಕಡೆ ಇದೇ ಕಥೆ. ಲೆನ್ಸಿನ ಒಂದು ಕಡೆಯಿಂದ ಫೋನಿನ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಅಂಚಿನಲ್ಲಿ ಸ್ವಲ್ಪ ಇದ್ದರೆ ಫೋಟೊದಲ್ಲಿ ಕಾಣುವುದಿಲ್ಲ, ಆದರೆ ಒಂದು ಮಳೆಗಾಲ ಕಳೆದರೆ ನಡುವಿಗೆ ಬಂದಿರುತ್ತದೆ. ಗಾಜಿನ ಕೋಟಿಂಗನ್ನೇ ತಿಂದು ಹಾಕಿದರೆ ತೊಳೆದರೂ ಕಲೆ ಹೋಗುವುದಿಲ್ಲ. ಧೂಳಿನ ಕಣ ನಾಲ್ಕಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಕೊಂಡ ಮೇಲೆ ಹಳೇ ಲೆದರ್ ಕೇಸನ್ನು ಮೊದಲು ಎಸೆಯಿರಿ. ನೋಡಲು ಚೆಂದ, ಆದರೆ ತೇವ ಹಿಡಿದಿಡುವುದೇ ಅದರ ಕೆಲಸ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬಣ್ಣ ಬದಲಾಗುವ ಜೆಲ್ ತಗೊಳ್ಳಿ, ಬಣ್ಣ ತಿರುಗಿದಾಗ ಬಿಸಿ ಮಾಡಿದರೆ ಮತ್ತೆ ಕೆಲಸ ಮಾಡುತ್ತದೆ. ಅಕ್ಕಿ ಹಾಕುವವರು ಇದ್ದಾರೆ, ಬೇಡ. ಅಕ್ಕಿಯ ಹಿಟ್ಟು ಲೆನ್ಸಿನ ಒಳಗೆ ಹೋಗುತ್ತದೆ.

ಇಲ್ಲಿ ಮಾಪುಸಾ ಶುಕ್ರವಾರದ ಸಂತೆ, ಅಂಜುನಾ ಬುಧವಾರದ ಸಂತೆ ಅಂತ ಸುತ್ತಿ ಹಳೇ ಕ್ಯಾಮೆರಾ ಹುಡುಕುವವರನ್ನು ನೋಡಿದ್ದೇನೆ. ಶೋಕೇಸಿಗೆ ಸರಿ.

ಕೊತ್ರೂಡ್ ಕ್ಲಿಕ್

ಪುಣೆಯ ಜೂನಾ ಬಜಾರ್ ಕೂಡ ಹಾಗೇ. ಬುಧವಾರ, ಭಾನುವಾರ ನಡೆಯುತ್ತದೆ. ನಾನು ಅಲ್ಲಿಗೆ ಹೋಗುವುದು ಹರಟೆಗೆ. ಮಗುವಿನ ಮೊದಲ ಕ್ಯಾಮೆರಾಕ್ಕೆ ಬೇಡ. ನಿಮ್ಮ ಮುಂಬೈಯ ಚೋರ್ ಬಜಾರಿಗೂ ಅದೇ ಮಾತು.

ಮಾಟುಂಗ ಸ್ಟುಡಿಯೊ

ಇಷ್ಟು ಜನ ರೀಲಿನ ಬಗ್ಗೆ ಮಾತಾಡುವುದು ಕೇಳಿ ಖುಷಿಯಾಯಿತು. ನಾನು ಮದುವೆ ಫೋಟೊ ತೆಗೆದು ಮಕ್ಕಳನ್ನು ಓದಿಸಿದವನು. ಆಗ ಕಪ್ಪು ಬಿಳುಪಿಗೆ ನಮ್ಮದೇ ದೇಶದ ರೀಲು ಇತ್ತು, ಗೊತ್ತಾ? ಊಟಿಯಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಅಂತ ಸರ್ಕಾರಿ ಕಾರ್ಖಾನೆ. 1960ರಲ್ಲಿ ಶುರುವಾದ ಕಂಪನಿ. ಬ್ರ್ಯಾಂಡಿನ ಹೆಸರು ಇಂದು. ಆಸ್ಪತ್ರೆಯ ಎಕ್ಸ್‌ರೇ ಫಿಲ್ಮ್ ಕೂಡ ಅವರೇ ಮಾಡುತ್ತಿದ್ದರು. ಈಗ ಅದೂ ಇಲ್ಲ. ಎಲ್ಲ ರೀಲೂ ಹೊರಗಿನಿಂದ ಬರಬೇಕು, ಅದಕ್ಕೇ ಈ ಬೆಲೆ.

ಮಗಳಿಗೆ ಒಂದು ಹೆಸರು ಹೇಳಿ. ಹೊಮಾಯ್ ವ್ಯಾರಾವಾಲಾ. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. 1913ರಲ್ಲಿ ನವಸಾರಿಯಲ್ಲಿ ಹುಟ್ಟಿ, ಇದೇ ಮುಂಬೈಯ ಜೆಜೆ ಸ್ಕೂಲ್ ಆಫ್ ಆರ್ಟ್‌ನಲ್ಲಿ ಓದಿದವರು. 2011ರಲ್ಲಿ ಪದ್ಮವಿಭೂಷಣ ಬಂತು. ನಮ್ಮ ಕಡೆಯವರು ಅಂದರೆ ಮೈಸೂರಿನ ಟಿ.ಎಸ್. ಸತ್ಯನ್. ಇಬ್ಬರ ಫೋಟೊಗಳನ್ನೂ ಹುಡುಕಿ ನೋಡಲಿ. ಕ್ಯಾಮೆರಾ ಕೊಡಿಸುವ ಮುಂಚೆಯೇ ನೋಡಲಿ, ಅದಕ್ಕೆ ದುಡ್ಡಿಲ್ಲ.

ಮುಲುಂಡ್ ಅಮ್ಮ

ಎಲ್ಲರಿಗೂ ಧನ್ಯವಾದ. ಎಇ-1 ಮಾರುವವರಿಗೆ ರಿಪೇರಿ ಅಣ್ಣ ಹೇಳಿದ ಎರಡೂ ಪ್ರಶ್ನೆ ಕೇಳಿದೆ. ಮೊದಲನೆಯದಕ್ಕೆ ಉತ್ತರ ಇಲ್ಲ. ಎರಡನೆಯದಕ್ಕೆ "ನೋ ರಿಟರ್ನ್" ಅಂದರು. ಅಲ್ಲಿಗೆ ಅದು ಮುಗಿಯಿತು. ಮಗಳ ವಾಲ್‌ಪೇಪರ್ ಇನ್ನೂ ಬದಲಾಗಿಲ್ಲ.

ಯಾಕೆ ಬೇಕು ಅಂತ ಕೇಳಿದೆ. "ನಾನೇ ಬರೆಯುತ್ತೇನೆ ಕೊಡು" ಅಂದಳು. ಕೆಳಗಿನದ್ದು ಅವಳದ್ದು.

ನಮಸ್ತೆ ಅಂಕಲ್, ಆಂಟಿ, ಅಕ್ಕ. ಫೋನಿನಲ್ಲಿ ನಾನು ಒಂದೇ ಹೂವಿನ ಫೋಟೊ ಇಪ್ಪತ್ತು ತೆಗೆಯುತ್ತೇನೆ. ಆಮೇಲೆ ಯಾವುದು ಇಡಬೇಕು ಅಂತ ಗೊತ್ತಾಗಲ್ಲ, ಎಲ್ಲಾ ಇಡುತ್ತೇನೆ. ಮತ್ತೆ ನೋಡುವುದೇ ಇಲ್ಲ. ಅದಕ್ಕೇ. ರೀಲ್ಸ್ ನೋಡಿಯೂ ಹೌದು, ಸುಳ್ಳು ಹೇಳಲ್ಲ. ನನಗೆ ಸ್ಟೇಶನ್, ಮಾರ್ಕೆಟ್, ಅಜ್ಜಿ ಅಡುಗೆ ಮಾಡುವುದು ಇವೆಲ್ಲ ತೆಗೆಯಬೇಕು. ಎರಡು ಡೌಟ್. ನಾನು ಕನ್ನಡಕ ಹಾಕುತ್ತೇನೆ, ಹಳೇ ಕ್ಯಾಮೆರಾದಲ್ಲಿ ಫೋಕಸ್ ಕಾಣಿಸುತ್ತಾ? ಮತ್ತೆ ಸ್ಕೂಲ್ ಬ್ಯಾಗಿನಲ್ಲಿ ಇಟ್ಟರೆ ಭಾರ ಆಗುತ್ತಾ?

ಡೊಂಬಿವಲಿ ಫಾಸ್ಟ್

ಈ ಹುಡುಗಿಗೆ ಕೊಡಿಸಿ ಮೇಡಂ. ನನ್ನ ವಾದ ವಾಪಸ್. ವಡಾಪಾವ್ ಲೆಕ್ಕ ಮಾತ್ರ ಹಾಗೇ ಇದೆ.

ಕೊತ್ರೂಡ್ ಕ್ಲಿಕ್

ಪುಟ್ಟಿ, ನಿನ್ನ ಎರಡು ಡೌಟಿನಿಂದ ನನ್ನ ಪಟ್ಟಿಯೇ ಮೇಲೆಕೆಳಗಾಯಿತು.

ಕೆ1000ದ ಬಾಡಿಯೇ 600 ಗ್ರಾಂ ದಾಟುತ್ತದೆ, ಮೇಲೆ ಲೆನ್ಸು. ಎಫ್‌ಎಂ10 ಬಾಡಿ 420 ಗ್ರಾಂ. ಪುಸ್ತಕ, ಟಿಫಿನ್, ನೀರಿನ ಬಾಟಲಿ ಜೊತೆ ಲೋಕಲ್‌ನಲ್ಲಿ ಹೊತ್ತು ಓಡಾಡುವವರಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಫೋಕಸ್ ವಿಷಯವೂ ಹಾಗೇ. ಸಾಮಾನ್ಯ ಕೆ1000ದಲ್ಲಿ ನಡುವೆ ಕಣಕಣವಾಗಿ ಮಿನುಗುವ ವೃತ್ತ ಇರುತ್ತದೆ. ಫೋಕಸ್ ಕೂತಾಗ ಆ ಮಿನುಗು ನಿಲ್ಲುತ್ತದೆ. ರೂಢಿಯಾದರೆ ಸುಲಭ, ಮೊದಮೊದಲು ಕಷ್ಟ. ಎಫ್‌ಎಂ10ರಲ್ಲಿ ನಡುವಿನ ವೃತ್ತ ಎರಡು ಹೋಳಾಗಿ ಕಾಣುತ್ತದೆ. ಒಂದು ಕಂಬವನ್ನೋ ಬಾಗಿಲಿನ ಅಂಚನ್ನೋ ಹಿಡಿ. ಮೇಲಿನ ಹೋಳು ಕೆಳಗಿನ ಹೋಳು ಒಂದೇ ಗೆರೆಗೆ ಬಂದರೆ ಫೋಕಸ್ ಆಯಿತು. ಕನ್ನಡಕದವರಿಗೆ ಇದೇ ವಾಸಿ.

ಮೀಟರ್ ಕೂಡ ನೋಡು. ಕೆ1000ದ ಮುಳ್ಳು ಕತ್ತಲೆಯಲ್ಲಿ ಕಾಣುವುದಿಲ್ಲ. ಎಫ್‌ಎಂ10ರಲ್ಲಿ ದೀಪ ಹತ್ತುತ್ತದೆ, ಪ್ಲಸ್, ಸೊನ್ನೆ, ಮೈನಸ್. ಸೊನ್ನೆ ಬಂದರೆ ಸರಿ. ಇನ್ನೊಂದು ವಿಷಯ, ಕೆ1000ದ ಮೀಟರಿಗೆ ಸ್ವಿಚ್ಚೇ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕಿದರೆ ಮಾತ್ರ ಬ್ಯಾಟರಿ ಉಳಿಯುತ್ತದೆ.

ಜೆಜೆ ಹುಡುಗಿ

ಮಿನೋಲ್ಟಾ ಎಕ್ಸ್-300 ಕೂಡ ನೋಡಬಹುದು. ಬೆಳಕು ತುಂಬಿದ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಜಾಗ), ಕಡಿಮೆ ಬೆಲೆ. ಅಪರ್ಚರ್ ನೀನು ಇಟ್ಟರೆ ಸ್ಪೀಡು ಅದೇ ಆರಿಸುತ್ತದೆ, ಬೇಡದಿದ್ದರೆ ಮ್ಯಾನ್ಯುಯಲ್. ಆದರೆ ಅದೂ ಬ್ಯಾಟರಿ ಇಲ್ಲದೆ ಓಡುವುದಿಲ್ಲ, ರಿಪೇರಿ ಅಣ್ಣ ಎಇ-1ಗೆ ಹೇಳಿದ್ದು ಅದಕ್ಕೂ ಅನ್ವಯಿಸುತ್ತದೆ.

ಫೋರ್ಟ್ ರಿಪೇರಿ

ಎಫ್‌ಎಂ10 ಅಂದರೆ ಹಳೇ ಮೆಕ್ಯಾನಿಕ್‌ಗಳು ಮೂಗು ಮುರಿಯುತ್ತಾರೆ, ಪ್ಲಾಸ್ಟಿಕ್ ಅಂತ. ನಾನೂ ಎಫ್‌ಎಂ2 ಬಿಚ್ಚಿ ಬೆಳೆದವ, ಆ ಗತ್ತು ಇದಕ್ಕಿಲ್ಲ. ಆದರೂ ಈ ಮಗುವಿಗೆ ಇದೇ ಆಗಬಹುದು. ಶಟರ್ ಯಾಂತ್ರಿಕ, 1/2000ದವರೆಗೆ ಹೋಗುತ್ತದೆ. ಕೆ1000ಕ್ಕಿಂತ ಹೊಸ ಕಾಲದ್ದು. ಬಿದ್ದರೆ ಮಾತ್ರ ಏಟು ತಡೆಯುವುದಿಲ್ಲ, ಕುತ್ತಿಗೆಗೆ ಬೆಲ್ಟ್ ಇರಲಿ.

ಇದರ ಜೊತೆಗೆ 35-70 ಜೂಮ್ ಕೊಡುತ್ತಾರೆ. ಅದು ಬೆಳಕು ಕಡಿಮೆ ತಗೊಳ್ಳುತ್ತದೆ. ಬದಲು 50 ಎಂಎಂ ಎಫ್1.8 ಲೆನ್ಸ್ ಕೇಳಿ, ಅದರ ಕಿಂಡಿ ಅಗಲ. ಅಜ್ಜಿಯ ಅಡುಗೆಮನೆಗೆ ಅದೇ ಬೇಕು. ಲೆನ್ಸಿನ ಮೇಲೆ ಅಪರ್ಚರ್ ತಿರುಗಿಸುವ ರಿಂಗ್ ಇರಲೇಬೇಕು. ಈಗಿನ ಡಿಜಿಟಲ್ ನಿಕಾನಿಗೆ ಬರುವ ರಿಂಗ್ ಇಲ್ಲದ ಜಿ ಲೆನ್ಸನ್ನು ಅಂಗಡಿಯವ ದಾಟಿಸಲು ನೋಡಿದರೆ ಬೇಡ ಅನ್ನಿ. ಕೂರುತ್ತದೆ, ಆದರೆ ಅಪರ್ಚರ್ ಬದಲಿಸಲು ಆಗುವುದಿಲ್ಲ.

ಸಿಎಸ್‌ಎಂಟಿ ಎದುರಿಗೆ ಬೋರಾ ಬಜಾರ್ ಗಲ್ಲಿಗೆ ಹೋಗಿ. ಒಂದೇ ಅಂಗಡಿಯಲ್ಲಿ ನಿಲ್ಲಬೇಡಿ, ನಾಲ್ಕು ಕಡೆ ಕೇಳಿ. ಭಾನುವಾರ ಬೇಡ. ಮಗಳನ್ನು ಕರಕೊಂಡು ಹೋಗಿ, ಕ್ಯಾಮೆರಾ ಅವಳ ಕೈಗೆ ಕೂರಬೇಕು. ಅನುಮಾನ ಇದ್ದರೆ ಮಾಟುಂಗದ ಮೈಸೂರು ಅಸೋಸಿಯೇಶನ್‌ನಲ್ಲಿ ಕಾರ್ಯಕ್ರಮ ಇದ್ದ ದಿನ ಹಿಡಿದುಕೊಂಡು ಬನ್ನಿ. ನಾನು ಸಾಮಾನ್ಯವಾಗಿ ಇರುತ್ತೇನೆ, ಕಿವಿಗೆ ಹಿಡಿದು ಶಟರ್ ಕೇಳಿ ಹೇಳುತ್ತೇನೆ.

ಮಾಟುಂಗ ಸ್ಟುಡಿಯೊ

ಕಪ್ಪು ಬಿಳುಪಿನಿಂದಲೇ ಶುರು ಮಾಡಿ. ಕಲರಿನಲ್ಲಿ ಬಣ್ಣ ನೋಡಿ ಮರುಳಾಗುತ್ತಾರೆ, ಬೆಳಕು ನೋಡುವುದಿಲ್ಲ.

ಕೊತ್ರೂಡ್ ಕ್ಲಿಕ್

ಸರ್, ಹದಿನಾಲ್ಕು ವರ್ಷದ ಮಗುವಿಗೆ ಹೂವಿನ ಮಾರ್ಕೆಟ್ ಕಪ್ಪು ಬಿಳುಪಿನಲ್ಲಿ ತೆಗೆ ಅನ್ನುವುದು ಅನ್ಯಾಯ. ಮೊದಲ ರೀಲು ಕಲರ್ ಇರಲಿ. ಕಲರ್ ನೆಗೆಟಿವ್ ಬಹಳ ಕ್ಷಮಾಗುಣದ್ದು. ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು, ಬೆಳಕು ಜಾಸ್ತಿಯಾದರೂ ಫೋಟೊ ಬರುತ್ತದೆ. ಕಮ್ಮಿಯಾದರೆ ಮಾತ್ರ ಕೆಸರು ಬಣ್ಣ. ಹಾಗಾಗಿ ಅನುಮಾನ ಬಂದಾಗ ಬೆಳಕು ಜಾಸ್ತಿ ಕೊಡು ಪುಟ್ಟಿ.

ಜೆಜೆ ಹುಡುಗಿ

ಇಬ್ಬರೂ ಸರಿ, ದುಡ್ಡಿನ ಕಡೆಯಿಂದ ಸ್ಟುಡಿಯೊ ಸರ್ ಜಾಸ್ತಿ ಸರಿ. ಕಪ್ಪು ಬಿಳುಪನ್ನು ಮನೆಯಲ್ಲೇ ತೊಳೆಯಬಹುದು. ಅದಕ್ಕೆ ಡಾರ್ಕ್‌ರೂಮ್ ಬೇಡ. ಕೈ ತೂರಿಸುವ ಕಪ್ಪು ಚೀಲ, ಒಂದು ಡೆವಲಪಿಂಗ್ ಟ್ಯಾಂಕ್, ಚಿತ್ರ ಮೂಡಿಸುವ ಡೆವಲಪರ್, ಅದನ್ನು ಉಳಿಸುವ ಫಿಕ್ಸರ್. ಕತ್ತಲೆ ಬೇಕಾಗುವುದು ರೀಲನ್ನು ಟ್ಯಾಂಕಿಗೆ ಹಾಕುವ ತನಕ ಮಾತ್ರ, ಆಮೇಲೆ ಅಡುಗೆಮನೆಯ ಸಿಂಕಿನ ಹತ್ತಿರವೇ ಮಾಡಬಹುದು. ಇಲ್ಫೋರ್ಡ್ ಎಚ್‌ಪಿ5 ರೀಲಿಗೆ ಐಡಿ-11 ಡೆವಲಪರ್ ನೀರು ಬೆರೆಸದೆ ಹಾಕಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಅದೇ ಕಂಪನಿ ಮಾಡುವ ಕೆಂಟ್ಮಿಯರ್ ರೀಲು ಇನ್ನೂ ಅಗ್ಗ.

ತೊಂದರೆ ಏನೆಂದರೆ ಮೇ ತಿಂಗಳಲ್ಲಿ ಮುಂಬೈಯ ನಲ್ಲಿ ನೀರು 20 ಡಿಗ್ರಿ ಎಲ್ಲಿ ಇರುತ್ತದೆ? ನೀರು ಬಿಸಿಯಿದ್ದಷ್ಟೂ ಸಮಯ ಕಮ್ಮಿ. ಐದು ನಿಮಿಷಕ್ಕಿಂತ ಕೆಳಗೆ ಹೋದರೆ ಫೋಟೊದ ಆಕಾಶದಲ್ಲಿ ಮಚ್ಚೆ ಮಚ್ಚೆ ಬರುತ್ತದೆ. ಟ್ಯಾಂಕನ್ನೂ ಬಾಟಲಿಗಳನ್ನೂ ಐಸ್ ಹಾಕಿದ ಬಕೆಟ್ ನೀರಿನಲ್ಲಿ ಇಟ್ಟು ಥರ್ಮಾಮೀಟರ್ ನೋಡುತ್ತಾ ಇಳಿಸಬೇಕು. ಕಲರಿಗೆ 37.8 ಡಿಗ್ರಿ, ಅದೂ ಕರಾರುವಾಕ್ಕಾಗಿ. ಅದನ್ನು ಲ್ಯಾಬಿಗೇ ಬಿಡಿ. ಅಮ್ಮಾ, ಕೆಮಿಕಲ್ ಬಾಟಲಿಗಳನ್ನು ಅಡುಗೆ ಸಾಮಾನಿನಿಂದ ದೂರ ಇಡಿಸಿ, ಕೈಗೆ ಗ್ಲೌಸ್ ಇರಲಿ. ಮೊದಲ ಕೆಲವು ರೀಲು ಲ್ಯಾಬಿಗೇ ಕೊಡಿ, ಇದಕ್ಕೆ ಅವಸರ ಇಲ್ಲ.

ವಾಸ್ಕೊ ಮಳೆ

ಅಗ್ಗದ ರೀಲು ಅಂದ ತಕ್ಷಣ ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುವ ಕೆಲವು ರೀಲುಗಳು ಸಿನಿಮಾ ಶೂಟಿಂಗಿನ ಫಿಲ್ಮನ್ನು ತುಂಡು ಮಾಡಿ ಡಬ್ಬಿಗೆ ಸುತ್ತಿದವು. ಫಿಲ್ಮ್ ಒಳ್ಳೆಯದೇ. ಆದರೆ ಹಿಂಬದಿಯಲ್ಲಿ ಕಪ್ಪು ಪದರ ಇರುವಂಥದ್ದನ್ನು ಮಾಮೂಲಿ ಕಲರ್ ಮೆಶಿನಿಗೆ ಹಾಕಿದರೆ ಆ ಪದರ ಕೆಮಿಕಲ್ಲಿನಲ್ಲಿ ಬೆರೆತು ಬೇರೆಯವರ ರೀಲೂ ಹಾಳಾಗುತ್ತದೆ. ಲ್ಯಾಬಿಗೆ ಕೊಡುವಾಗ ಯಾವ ರೀಲು ಅಂತ ಹೇಳಿಯೇ ಕೊಡಿ. ಕೊಳ್ಳುವ ಮುಂಚೆ ನಿಮ್ಮ ಲ್ಯಾಬ್ ಅದನ್ನು ತೊಳೆಯುತ್ತದಾ ಕೇಳಿಕೊಳ್ಳಿ.

ಮುಲುಂಡ್ ಅಮ್ಮ

ಶನಿವಾರ ಬೋರಾ ಬಜಾರಿಗೆ ಹೋಗಿದ್ದೆವು. ಯಜಮಾನರೂ ಬಂದರು, ಅದೇ ಒಂದು ಆಶ್ಚರ್ಯ.

ಮೊದಲ ಅಂಗಡಿಯಲ್ಲಿ ಕೆ1000 ಇತ್ತು. ಸ್ಪಂಜು ಬೆರಳಿಗೆ ಅಂಟಿತು, ಒಂದು ಸೆಕೆಂಡಿನ ಸ್ಪೀಡು ಅರ್ಧಕ್ಕೇ ನಿಂತಿತು. ಹೇಳಿದಾಗ ಅಂಗಡಿಯವರು "ಯಾರು ಹೇಳಿಕೊಟ್ಟರು?" ಅಂತ ನಕ್ಕರು. ಇನ್ನೊಂದು ಕಡೆ ಎಫ್‌ಎಂ10 ಸಿಕ್ಕಿತು. ಜೊತೆಗೆ ರಿಂಗ್ ಇರುವ 50 ಎಂಎಂ. ಲೆನ್ಸಿಗೆ ಟಾರ್ಚ್ ಬಿಟ್ಟು ಮಗಳೇ ನೋಡಿದಳು. ಬಲೆ ಇಲ್ಲ, ಎರಡು ಧೂಳಿನ ಕಣ ಇದೆ. ಒಂಬತ್ತು ಸಾವಿರಕ್ಕೆ ಮುಗಿಯಿತು. ಒಂದು ರೀಲು ಹೊಡೆದು ಹದಿನೈದು ದಿನದೊಳಗೆ ತೊಂದರೆ ಹೇಳಿದರೆ ವಾಪಸ್ ತಗೊಳ್ಳುತ್ತೇನೆ ಅಂತ ಬಿಲ್ಲಿನ ಮೇಲೇ ಬರೆಸಿಕೊಂಡಿದ್ದೇನೆ. ಉಳಿದ ದುಡ್ಡಿನಲ್ಲಿ ಎರಡು ಕಲರ್ ರೀಲು, 200 ಐಎಸ್‌ಒ (ರೀಲು ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಸಂಖ್ಯೆಯಂತೆ). ಈಗ ಇದಕ್ಕೆ ಹಾಕುವುದು ಹೇಗೆ ಅಂತ ಅಪ್ಪ ಮಗಳು ಜಗಳ ಆಡುತ್ತಿದ್ದಾರೆ.

ಮಾಟುಂಗ ಸ್ಟುಡಿಯೊ

ನೇರ ಬಿಸಿಲಿನಲ್ಲಿ ಹಾಕಬೇಡಿ, ನೆರಳಿಗೆ ಬನ್ನಿ. ಫಿಲ್ಮಿನ ನಾಲಿಗೆಯನ್ನು ಬಲಗಡೆಯ ಸ್ಪೂಲಿಗೆ ಸಿಕ್ಕಿಸಿ, ಎರಡೂ ಬದಿಯ ತೂತುಗಳು ಹಲ್ಲಿಗೆ ಕೂತಿವೆಯಾ ನೋಡಿ, ಆಮೇಲೆ ಬಾಗಿಲು ಮುಚ್ಚಿ. ಎಡಗಡೆಯ ಸುತ್ತುವ ಗುಬ್ಬಿಯನ್ನು ಮೆಲ್ಲಗೆ ತಿರುಗಿಸಿ ಸಡಿಲ ತೆಗೆಯಿರಿ. ಈಗ ಲಿವರ್ ಎಳೆದಾಗ ಆ ಗುಬ್ಬಿ ತಾನಾಗಿ ತಿರುಗಬೇಕು. ತಿರುಗಿದರೆ ಫಿಲ್ಮ್ ಓಡುತ್ತಿದೆ. ತಿರುಗದಿದ್ದರೆ 36 ಸಲ ಹೊಡೆದರೂ ರೀಲು ಖಾಲಿಯೇ. ಪ್ರತಿ ಫೋಟೊಗೂ ಅದನ್ನು ನೋಡುವ ಅಭ್ಯಾಸ ಮಾಡಿಸಿ. ಐಎಸ್‌ಒ ಡಯಲನ್ನು 200ಕ್ಕೆ ಇಡಿ, ಈ ಕ್ಯಾಮೆರಾ ತಾನಾಗಿ ಓದಿಕೊಳ್ಳುವುದಿಲ್ಲ. ರೀಲು ಮುಗಿದಾಗ ಲಿವರ್ ಗಟ್ಟಿಯಾಗುತ್ತದೆ. ಬಲ ಹಾಕಬೇಡಿ. ಕೆಳಗಿನ ಬಟನ್ ಒತ್ತಿ, ಪೂರ್ತಿ ಹಿಂದೆ ಸುತ್ತಿ, ಆಮೇಲೆ ಬಾಗಿಲು ತೆಗೆಯಿರಿ.

ಕೊತ್ರೂಡ್ ಕ್ಲಿಕ್

ಮೀಟರನ್ನು ಪರೀಕ್ಷೆ ಮಾಡುವುದೂ ಸುಲಭ. ಒಳ್ಳೆ ಬಿಸಿಲಿನಲ್ಲಿ ಅಪರ್ಚರ್ ಎಫ್16, ಸ್ಪೀಡು ಐಎಸ್‌ಒ ಎಷ್ಟೋ ಅದರ ಹತ್ತಿರದ್ದು. 200 ರೀಲಿಗೆ 1/250. ಅಲ್ಲಿ ಮೀಟರ್ ಸೊನ್ನೆಯ ಆಸುಪಾಸು ತೋರಿಸಿದರೆ ಸರಿ. ಮೊದಲ ರೀಲಿನಲ್ಲಿ ಪ್ರತಿ ಫೋಟೊದ ಸ್ಪೀಡು, ಅಪರ್ಚರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೋ ಪುಟ್ಟಿ. ತೊಳೆದು ಬಂದ ಮೇಲೆ ಪಕ್ಕದಲ್ಲಿ ಇಟ್ಟು ನೋಡು. ಹದಿನೈದು ದಿನದ ಗಡುವು ಇದೆ, ಹಾಗಾಗಿ ಈ ರೀಲನ್ನು ಬೇಗ ಮುಗಿಸು. ಎಲ್ಲಾ ಸ್ಪೀಡುಗಳಲ್ಲೂ ಒಂದೊಂದು ಇರಲಿ.

ಫೋರ್ಟ್ ರಿಪೇರಿ

ಒಳ್ಳೆ ವ್ಯಾಪಾರ ಆಯಿತು. ಸ್ಕ್ಯಾನ್ ಮಾತ್ರ ತಗೊಂಡು ನೆಗೆಟಿವ್ ಲ್ಯಾಬಿನಲ್ಲೇ ಬಿಟ್ಟು ಬರುವವರು ಈಗ ಜಾಸ್ತಿ. ಹಾಗೆ ಮಾಡಬೇಡಿ. ನೆಗೆಟಿವ್ ಕೇಳಿ ತಗೊಳ್ಳಿ. ಫೋಟೊ ಇರುವುದು ಅದರಲ್ಲಿ.

ಡೊಂಬಿವಲಿ ಫಾಸ್ಟ್

ಸ್ಟೇಶನ್ನಿನಲ್ಲಿ ತೆಗೆಯುವಾಗ ಜಾಗ್ರತೆ. ಪೊಲೀಸರು ಕೇಳಿದರೆ ವಾದ ಬೇಡ, ಕ್ಯಾಮೆರಾ ಒಳಗಿಡಿ. ಲೇಡೀಸ್ ಡಬ್ಬಿಯಲ್ಲಿ ಯಾರದ್ದಾದರೂ ಮುಖ ತೆಗೆಯುವ ಮುಂಚೆ ಕೇಳಲಿ. ದಾದರಿನ ಹೂವಿನ ಮಾರ್ಕೆಟ್ಟಿಗೆ ಬೆಳಗ್ಗೆ ಬೇಗ ಹೋದರೆ ಬೆಳಕು ಚೆನ್ನಾಗಿರುತ್ತದೆ. ಅಲ್ಲಿ ಎರಡು ವಡಾಪಾವ್ ನನ್ನ ಲೆಕ್ಕದಲ್ಲಿ.

ಮುಲುಂಡ್ ಅಮ್ಮ

ಕೇಳಿಸಿಕೊಂಡಿದ್ದಾಳೆ. ಕೊನೆಯದಾಗಿ ಒಂದು ಪ್ರಶ್ನೆ. ದೀಪಾವಳಿಗೆ ತಂಗಿಯ ಮನೆಗೆ ಗೋವಾಕ್ಕೆ ಹೋಗುತ್ತೇವೆ, ವಿಮಾನದಲ್ಲಿ. ಏರ್‌ಪೋರ್ಟ್ ಎಕ್ಸ್‌ರೇಗೆ ರೀಲು ಹಾಳಾಗುತ್ತಾ?

ವಾಸ್ಕೊ ಮಳೆ

ಚೆಕ್‌ಇನ್ ಬ್ಯಾಗಿನಲ್ಲಿ ಯಾವತ್ತೂ ಹಾಕಬೇಡಿ, ಅಲ್ಲಿನ ಮೆಶಿನ್ ಜೋರು. ಕೈಚೀಲದಲ್ಲಿ ಇಡಿ. ಹಳೇ ಬಗೆಯ ಎಕ್ಸ್‌ರೇಯಲ್ಲಿ 200 ರೀಲು ಒಂದೆರಡು ಸಲ ಹೋದರೆ ಏನೂ ಆಗುವುದಿಲ್ಲ. ಹೊಸ ಸಿಟಿ ಸ್ಕ್ಯಾನರ್ ಇದ್ದರೆ ಒಂದೇ ಸಲಕ್ಕೆ ಮಂಜು ಹಿಡಿಯಬಹುದು. ಅದಕ್ಕೆ ರೀಲುಗಳನ್ನು ಪಾರದರ್ಶಕ ಚೀಲದಲ್ಲಿ ಹಾಕಿಕೊಂಡು ಕೈಯಲ್ಲೇ ನೋಡಿ ಅಂತ ವಿನಯವಾಗಿ ಕೇಳಿ. ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಕ್ಯಾಮೆರಾದೊಳಗೆ ಅರ್ಧ ಮುಗಿದ ರೀಲು ಇಟ್ಟುಕೊಂಡು ಮಾತ್ರ ಬರಬೇಡಿ, ಅದನ್ನು ತೆಗೆದು ತೋರಿಸಲು ಆಗುವುದಿಲ್ಲ. ರೈಲಾದರೆ ಈ ರಗಳೆ ಕಮ್ಮಿ. ಕೊಂಕಣ ರೈಲ್ವೆಯ ಕಿಟಕಿ ಪಕ್ಕ ಒಂದು ರೀಲು ಹೇಗೂ ಮುಗಿಯುತ್ತದೆ, ಟಿಕೆಟ್ ಈಗಲೇ ನೋಡಿ. ದೀಪಾವಳಿಗೆ ಬೇಗ ತುಂಬುತ್ತದೆ.